ಸ್ಕೀ ಬಾರದವರು ಹಿಮದ ಊರಲ್ಲಿ ಒಂದು ಸೀಸನ್ ದುಡಿಯಬಹುದೇ?

ಪ್ರಶ್ನೆ: ನನಗೆ 27 ವರ್ಷ, ಊರು ಮಂಡ್ಯ. ಮೈಸೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿ ಮುಗಿಸಿ, ಅಲ್ಲೇ ಒಂದು ಹೋಟೆಲಿನ ಫ್ರಂಟ್ ಆಫೀಸಿನಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ವಿದೇಶದ ಸ್ಕೀ ರೆಸಾರ್ಟಿನಲ್ಲಿ ಒಂದು ಸೀಸನ್ ಕೆಲಸ ಮಾಡಿ, ಸುತ್ತಾಡಿಕೊಂಡು ಬರುವ ಆಸೆ. ಹಿಮವನ್ನು ಇದುವರೆಗೆ ಕಣ್ಣಾರೆ ಕಂಡಿಲ್ಲ, ಸ್ಕೀ ಬಾರದು, ಸಸ್ಯಾಹಾರಿ. ಏಜೆಂಟರೊಬ್ಬರು ಮೂರು ಲಕ್ಷ ಕೊಟ್ಟರೆ ಕೆನಡಾದ ವರ್ಕಿಂಗ್ ಹಾಲಿಡೇ ವೀಸಾ ಗ್ಯಾರಂಟಿ ಎನ್ನುತ್ತಿದ್ದಾರೆ. ಕೊಡಬಹುದೇ? ಕೈಯಲ್ಲಿ ಎಷ್ಟು ದುಡ್ಡಿರಬೇಕು, ಯಾವಾಗಿಂದ ತಯಾರಿ ಶುರು ಮಾಡಬೇಕು?

ಉತ್ತರ: ಮೊದಲು ಆ ಮೂರು ಲಕ್ಷದ ವಿಷಯ. ಕೊಡಬೇಡಿ. ಯುವಜನರು ದುಡಿಯುತ್ತಾ ಸುತ್ತಾಡಲು ಇರುವ ಕೆನಡಾದ ವರ್ಕಿಂಗ್ ಹಾಲಿಡೇ ಯೋಜನೆ ಆಯಾ ದೇಶದ ಜೊತೆಗಿನ ಒಪ್ಪಂದದ ಮೇಲೆ ನಡೆಯುತ್ತದೆ, ಆ ಪಟ್ಟಿಯಲ್ಲಿ ಭಾರತ ಇಲ್ಲ. ಜಪಾನಿನ ಪಟ್ಟಿಯಲ್ಲೂ ಇಲ್ಲ. ಇಲ್ಲದ ವೀಸಾಕ್ಕೆ ಗ್ಯಾರಂಟಿ ಕೊಡುವವರ ಹತ್ತಿರ ಮುಂದಿನ ಮಾತೇ ಬೇಡ.

ಭಾರತದ ಪಾಸ್‌ಪೋರ್ಟಿಗೆ ತೆರೆದಿರುವ ಬಾಗಿಲು ಆಸ್ಟ್ರೇಲಿಯಾದ್ದು. ಎರಡು ದೇಶಗಳ ನಡುವೆ 2022ರಲ್ಲಿ ಆದ ಆರ್ಥಿಕ ಸಹಕಾರ ಒಪ್ಪಂದದ ಫಲವಾಗಿ, 2024ರ ಸೆಪ್ಟೆಂಬರ್ 16ರಿಂದ ವರ್ಕ್ ಅಂಡ್ ಹಾಲಿಡೇ ವೀಸಾ, ಅಂದರೆ ಸಬ್‌ಕ್ಲಾಸ್ 462, ಭಾರತೀಯರಿಗೂ ಸಿಗುತ್ತಿದೆ. ವರ್ಷಕ್ಕೆ 1,000 ಜನಕ್ಕೆ ಮಾತ್ರ, ಆಯ್ಕೆ ಲಾಟರಿಯಲ್ಲಿ. ಮೊದಲ ವರ್ಷ ಎರಡೇ ವಾರದಲ್ಲಿ ಸುಮಾರು 40,000 ಜನ ಹೆಸರು ಹಾಕಿದ್ದರು. ಆದ್ದರಿಂದ ಸಿಗದಿರುವ ಸಾಧ್ಯತೆಯೇ ಹೆಚ್ಚು ಎಂದು ತಿಳಿದುಕೊಂಡೇ ಕೈಹಾಕಿ. ಹೆಸರು ಹಾಕಲು ಖರ್ಚು 25 ಆಸ್ಟ್ರೇಲಿಯನ್ ಡಾಲರ್ ಅಷ್ಟೇ. ಡಾಲರಿಗೆ 60 ರೂಪಾಯಿ ಹಿಡಿದರೆ ಒಂದೂವರೆ ಸಾವಿರ. ಕಂಪ್ಯೂಟರ್ ಎತ್ತುವ ಚೀಟಿಯ ಮೇಲೆ ಯಾವ ಏಜೆಂಟನ ಕೈಯೂ ನಡೆಯುವುದಿಲ್ಲ. ಆಸ್ಟ್ರೇಲಿಯಾದ ಗೃಹ ಇಲಾಖೆಯ ಜಾಲತಾಣದಲ್ಲಿ ನಿಮ್ಮದೇ ಖಾತೆ, ನಿಮ್ಮದೇ ಇಮೇಲ್ ಇಟ್ಟುಕೊಂಡು ಹೆಸರು ಹಾಕಿ. ಏಜೆಂಟನ ಇಮೇಲ್ ಕೊಟ್ಟರೆ ಆಯ್ಕೆಯಾದ ಸುದ್ದಿ ಅವನಿಗೆ ಹೋಗುತ್ತದೆ, ಆಮೇಲೆ ಅದನ್ನೇ ಹಿಡಿದು ನಿಮ್ಮ ಹತ್ತಿರ ದುಡ್ಡು ಕೇಳುತ್ತಾನೆ. ನೋಂದಣಿ ತೆರೆಯುವ ದಿನ ವರ್ಷ ವರ್ಷವೂ ಬದಲಾಗುತ್ತದೆ, ಅದೇ ಜಾಲತಾಣದಲ್ಲಿ ನೋಡುತ್ತಿರಿ.

ಅರ್ಹತೆಯಲ್ಲಿ ನಿಮಗೆ ತೊಂದರೆ ಕಾಣುವುದಿಲ್ಲ. ವಯಸ್ಸು 18 ತುಂಬಿರಬೇಕು, 31 ತುಂಬಿರಬಾರದು. ಪಿಯುಸಿ ನಂತರ ಕನಿಷ್ಠ ಎರಡು ವರ್ಷ ಓದಿರಬೇಕು. ಇಂಗ್ಲಿಷಿಗೆ ಐಇಎಲ್‌ಟಿಎಸ್‌ನಲ್ಲಿ ಸರಾಸರಿ 4.5 ಸಾಕು. ಇಂಗ್ಲಿಷ್ ಮಾಧ್ಯಮದಲ್ಲಿ ಡಿಗ್ರಿ ಮಾಡಿದ್ದರೆ ಕಾಲೇಜಿನ ಪತ್ರವನ್ನೇ ದಾಖಲೆಯಾಗಿ ಕೊಡಬಹುದು. ಕೈಯಲ್ಲಿ 5,000 ಡಾಲರ್, ಜೊತೆಗೆ ವಾಪಸ್ ಬರುವ ಟಿಕೆಟ್ಟಿನ ದುಡ್ಡು ತೋರಿಸಬೇಕು. ಸಿಕ್ಕಿಬೀಳುವುದು ಹೆಸರಿನಲ್ಲಿ. ನೋಂದಣಿಗೆ ಪಾಸ್‌ಪೋರ್ಟ್ ಜೊತೆ ಪ್ಯಾನ್ ಕಾರ್ಡೂ ಬೇಕು. ನಮ್ಮ ಕಡೆ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಇರುತ್ತದೆ, ಪ್ಯಾನ್‌ನಲ್ಲಿ ಬರೀ ಒಂದಕ್ಷರ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸವಿದ್ದರೆ ನೋಂದಣಿ ತೆರೆಯುವ ಮುಂಚೆಯೇ ಪ್ಯಾನ್ ತಿದ್ದಿಸಿಕೊಳ್ಳಿ.

ಲಾಟರಿಯಲ್ಲಿ ಹೆಸರು ಬಂದರೆ ಅರ್ಜಿ ಹಾಕಲು 28 ದಿನ ಮಾತ್ರ. ಶುಲ್ಕ 2025ರ ಜುಲೈನಿಂದ 670 ಡಾಲರ್. ಈ 28 ದಿನದಲ್ಲಿ ಹಣ ಕೂಡಿಸಲು, ಮಾರ್ಕ್ಸ್ ಕಾರ್ಡಿಗೆ ವಿಶ್ವವಿದ್ಯಾಲಯ ಅಲೆಯಲು ಹೊರಟರೆ ಆಗುವುದಿಲ್ಲ. ಹೆಸರು ಹಾಕಿದ ದಿನವೇ ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು, ಡಿಗ್ರಿ ಸರ್ಟಿಫಿಕೇಟು, ಮಾಧ್ಯಮದ ಪತ್ರ ಒಂದು ಫೈಲಿನಲ್ಲಿರಲಿ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಮೂಲಕವೇ ಸಿಗುತ್ತದೆ, ಶುಲ್ಕ 500 ರೂಪಾಯಿ. ಪಾಸ್‌ಪೋರ್ಟಿನಲ್ಲಿ ಮಂಡ್ಯದ ವಿಳಾಸ, ವಾಸ ಮೈಸೂರಿನ ಬಾಡಿಗೆ ಮನೆ ಎಂದಾದರೆ ವೆರಿಫಿಕೇಶನ್ ಎರಡು ಠಾಣೆಗಳ ನಡುವೆ ಓಡಾಡಿ ತಡವಾಗುತ್ತದೆ. ವೈದ್ಯಕೀಯ ಪರೀಕ್ಷೆ ಕೇಳಿದರೆ ಅವರು ಗೊತ್ತುಮಾಡಿದ ಬೆಂಗಳೂರಿನ ಕ್ಲಿನಿಕ್ಕಿಗೇ ಹೋಗಬೇಕು, ಮೈಸೂರಿನ ಯಾವ ದೊಡ್ಡ ಆಸ್ಪತ್ರೆಯ ರಿಪೋರ್ಟೂ ನಡೆಯದು. ಇನ್ನು ಬ್ಯಾಂಕಿನ ವಿಷಯ: ಅರ್ಜಿಯ ಹಿಂದಿನ ವಾರ ಮಾವನವರ ಖಾತೆಯಿಂದ ಮೂರು ಲಕ್ಷ ಒಮ್ಮೆಗೇ ಬಂದು ಬಿದ್ದಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ಕೆಲವು ತಿಂಗಳಿಂದ ನಿಂತಿರುವ ದುಡ್ಡು ಬೇರೆಯೇ ಮಾತು ಹೇಳುತ್ತದೆ.

ಈಗ ಕಾಲದ ಲೆಕ್ಕ. ಇಲ್ಲಿಯೇ ಬಹಳ ಜನ ಎಡವುತ್ತಾರೆ. ಆಸ್ಟ್ರೇಲಿಯಾದ ಹಿಮದ ಸೀಸನ್ ನಮ್ಮ ಮಳೆಗಾಲದ ಜೊತೆಜೊತೆಗೆ ಓಡುತ್ತದೆ. ಜೂನ್ ಎರಡನೇ ಸೋಮವಾರಕ್ಕೆ ಬರುವ ಅಲ್ಲಿನ ರಾಜನ ಹುಟ್ಟುಹಬ್ಬದ ವಾರಾಂತ್ಯಕ್ಕೆ ಶುರು, ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಮುಕ್ತಾಯ. ಮೈಸೂರಲ್ಲಿ ಆಷಾಢ ಶುಕ್ರವಾರಕ್ಕೆ ಬೆಟ್ಟದಲ್ಲಿ ಕ್ಯೂ ನಿಲ್ಲುವ ಜುಲೈನಲ್ಲೇ ಅಲ್ಲಿ ಶಾಲೆಗಳಿಗೆ ಚಳಿಗಾಲದ ರಜೆ, ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟುಗಳ ಮುಂದೆ ಅಂಥದೇ ಕ್ಯೂ. ಒಟ್ಟು ಹದಿನಾರು ಹದಿನೇಳು ವಾರ. ವೀಸಾ ಸಿಕ್ಕ ದಿನದಿಂದ ಹನ್ನೆರಡು ತಿಂಗಳೊಳಗೆ ಆ ದೇಶಕ್ಕೆ ಕಾಲಿಡಬೇಕು, ಕಾಲಿಟ್ಟ ದಿನದಿಂದ ಹನ್ನೆರಡು ತಿಂಗಳು ಇರಬಹುದು. ಡಿಸೆಂಬರಿನಲ್ಲಿ ವೀಸಾ ಸಿಕ್ಕಿತೆಂದು ಜನವರಿಯಲ್ಲೇ ಓಡಿದರೆ ಐದು ತಿಂಗಳು ಹಿಮವಿಲ್ಲದ ಊರಲ್ಲಿ ಕೂಳಿಗೆ ದುಡಿದು, ಸೀಸನ್ ಶುರುವಾಗುವ ಹೊತ್ತಿಗೆ ಕೈಯಲ್ಲಿದ್ದದ್ದು ಕರಗಿರುತ್ತದೆ. ಮೇ ಎರಡನೇ ವಾರ ಇಳಿಯುವುದು ಸರಿಯಾದ ಹೊತ್ತು: ಬ್ಯಾಂಕ್ ಖಾತೆ, ಟ್ಯಾಕ್ಸ್ ನಂಬರು, ಬೆಚ್ಚಗಿನ ಬಟ್ಟೆ ಎಲ್ಲಕ್ಕೂ ಮೂರು ವಾರ ಸಿಗುತ್ತದೆ, ಸೀಸನ್ ಮುಗಿದ ಮೇಲೂ ಏಳು ತಿಂಗಳು ಉಳಿಯುತ್ತದೆ. ಒಬ್ಬ ಮಾಲೀಕನ ಹತ್ತಿರ ಸಾಮಾನ್ಯವಾಗಿ ಆರು ತಿಂಗಳು ಮಾತ್ರ ಕೆಲಸ ಮಾಡಬಹುದೆಂಬ ನಿಯಮವಿದೆ. ಸೀಸನ್ ಅದಕ್ಕಿಂತ ಚಿಕ್ಕದಾದ್ದರಿಂದ ನಿಮಗೆ ಅದು ಅಡ್ಡಿಯಲ್ಲ.

ರೆಸಾರ್ಟುಗಳು ಮಾತ್ರ ಮೇವರೆಗೆ ಕಾಯುವುದಿಲ್ಲ. ನ್ಯೂ ಸೌತ್ ವೇಲ್ಸ್‌ನ ಥ್ರೆಡ್‌ಬೋ, ಪೆರಿಷರ್, ವಿಕ್ಟೋರಿಯಾದ ಮೌಂಟ್ ಬುಲರ್, ಫಾಲ್ಸ್ ಕ್ರೀಕ್, ಮೌಂಟ್ ಹೋಥಮ್, ಇವೇ ದೊಡ್ಡವು. ಇವುಗಳ ನೇಮಕಾತಿ ಜನವರಿ, ಫೆಬ್ರವರಿಯಲ್ಲಿ ಶುರುವಾಗಿ ಏಪ್ರಿಲ್ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ. ಸಂದರ್ಶನ ವಿಡಿಯೋದಲ್ಲೇ. ಗಡಿಯಾರ ನೋಡಿಕೊಳ್ಳಿ: ಮಾರ್ಚಿನಲ್ಲಿ ಸಿಡ್ನಿ ನಮಗಿಂತ ಐದೂವರೆ ಗಂಟೆ ಮುಂದೆ, ಬೆಳಿಗ್ಗೆ 10ರ ಸಂದರ್ಶನವೆಂದರೆ ಮಂಡ್ಯದಲ್ಲಿ ನಸುಕಿನ ನಾಲ್ಕೂವರೆ. ಏಪ್ರಿಲ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಆಮೇಲೆ ವ್ಯತ್ಯಾಸ ನಾಲ್ಕೂವರೆ ಗಂಟೆ. ರೆಸ್ಯೂಮೆ ಎರಡು ಪುಟ ಮೀರಬಾರದು. ಫೋಟೋ, ಹುಟ್ಟಿದ ದಿನಾಂಕ, ತಂದೆಯ ಹೆಸರು, ವಿವಾಹಿತರೋ ಅಲ್ಲವೋ, ಯಾವುದೂ ಬೇಡ. ಮೊದಲ ಸಾಲಿನಲ್ಲೇ ವೀಸಾದ ಬಗೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಸಿಗುತ್ತೀರಿ ಎಂದು ಬರೆಯಿರಿ. ಅಕ್ಟೋಬರ್ ಮೊದಲ ವಾರದವರೆಗೂ ಇರುತ್ತೇನೆ ಎನ್ನುವವರಿಗೆ ಬೆಲೆ ಹೆಚ್ಚು, ಯಾಕೆಂದರೆ ಅರ್ಧದಲ್ಲಿ ಬಿಟ್ಟು ಹೋಗುವವರಿಂದ ಅವರು ಬೇಸತ್ತಿರುತ್ತಾರೆ. ಹೀಗೆ ಬಿಟ್ಟು ಹೋದವರ ಜಾಗಕ್ಕೆ ಜುಲೈ, ಆಗಸ್ಟಿನಲ್ಲಿ ಮತ್ತೆ ಜನ ಬೇಕಾಗುತ್ತದೆ. ವೀಸಾ ತಡವಾದರೆ ನಿಮಗೆ ಅದೇ ದಾರಿ.

ಯಾವ ಕೆಲಸ ಹಿಡಿಯಬೇಕು? ಸ್ಕೀ ಬರಬೇಕಾದದ್ದು ತರಬೇತುದಾರರಿಗೆ, ಇಳಿಜಾರಿನಲ್ಲಿ ಸುರಕ್ಷತೆ ನೋಡಿಕೊಳ್ಳುವ ಸ್ಕೀ ಪ್ಯಾಟ್ರೋಲ್ ತಂಡದವರಿಗೆ. ಉಳಿದ ಬಹುತೇಕ ಕೆಲಸಗಳಿಗೆ ಬೇಡ. ಹೊಸಬರೆಲ್ಲ ಮುಗಿಬೀಳುವುದು ಲಿಫ್ಟ್ ಆಪರೇಟರ್ ಕೆಲಸಕ್ಕೆ. ಹಿಮದ ನಡುವೆ ನಿಂತು ಗುಂಡಿ ಒತ್ತುವುದಷ್ಟೇ ಎಂಬ ಕಲ್ಪನೆ ಇರುತ್ತದೆ. ನಿಜದಲ್ಲಿ ಏಳು ಗಂಟೆಯ ಕತ್ತಲಲ್ಲಿ ಸಲಿಕೆ ಹಿಡಿದು, ರಾತ್ರಿ ಬಿದ್ದ ಹಿಮ ಎತ್ತಿ, ಜನ ಹತ್ತುವ ಜಾಗವನ್ನು ಸಮ ಮಾಡಬೇಕು. ಹಿಮದ ಮಟ್ಟ ಕುಸಿದರೆ ಹಗ್ಗಕ್ಕೆ ತೂಗುಬಿದ್ದು ಬರುವ ಲಿಫ್ಟಿನ ಕುರ್ಚಿ ಮೊಣಕಾಲಿಗಿಂತ ಮೇಲೆ ಬರುತ್ತದೆ, ಮಕ್ಕಳು ಹತ್ತಲಾರರು. ಏರಿದರೆ ಕುರ್ಚಿ ಕಾಲಿಗೆ ಬಡಿಯುತ್ತದೆ. ಹಳೆಯ ಮಾದರಿಯ ಚೇರ್‌ಲಿಫ್ಟಿನಲ್ಲಿ ಕುರ್ಚಿ ಹಗ್ಗಕ್ಕೆ ಕಾಯಂ ಕಚ್ಚಿಕೊಂಡಿರುತ್ತದೆ, ಸೆಕೆಂಡಿಗೆ ಸುಮಾರು ಎರಡೂವರೆ ಮೀಟರ್ ವೇಗದಲ್ಲೇ ಬಂದು ಬಡಿಯುತ್ತದೆ. ಅದನ್ನು ಪ್ರತಿಸಲ ಕೈಯಲ್ಲಿ ಹಿಡಿದು, ವೇಗ ತಗ್ಗಿಸಿ, ಕೂರುವವರ ಕಾಲ ಹಿಂದಕ್ಕೆ ಮೆಲ್ಲಗೆ ಬಿಡಬೇಕು. ಹೊಸ ಮಾದರಿಯದು ಮೇಲೆ ಐದು ಮೀಟರ್ ವೇಗದಲ್ಲಿ ಓಡಿದರೂ ನಿಲ್ದಾಣದೊಳಗೆ ಹಗ್ಗದಿಂದ ಕಳಚಿಕೊಂಡು ನಡಿಗೆಯ ವೇಗಕ್ಕೆ ಬರುತ್ತದೆ. ಯಾರಾದರೂ ತಡವರಿಸಿದರೆ ಮೊದಲು ಒತ್ತುವುದು ನಿಧಾನದ ಗುಂಡಿ. ಬಿದ್ದರೆ ಮಾತ್ರ ನಿಲ್ಲಿಸುವ ಗುಂಡಿ, ಯಾಕೆಂದರೆ ಒಮ್ಮೆಗೇ ನಿಂತರೆ ಮೇಲಿರುವ ನೂರಾರು ಜನರ ಕುರ್ಚಿಗಳು ತೂಗಾಡುತ್ತವೆ. ಇದನ್ನು ಎಂಟು ಗಂಟೆ, ಗಾಳಿಯಲ್ಲಿ ಮಾಡಬೇಕು.

ಸ್ಕೀ ಬಾಡಿಗೆ ಅಂಗಡಿಯ ಕೆಲಸವೂ ಒಳ್ಳೆಯದೇ, ಒಳಗಡೆ ಬೆಚ್ಚಗಿರುತ್ತದೆ. ಅಲ್ಲಿ ಬೂಟಿನ ಅಳತೆ ಪಾದದ ಉದ್ದದ ಸೆಂಟಿಮೀಟರಿನಲ್ಲಿ ನಡೆಯುತ್ತದೆ, 26.5 ಸೆಂ.ಮೀ. ಪಾದಕ್ಕೆ 26.5ರ ಬೂಟು. ಸ್ಕೀಗೆ ಬೂಟನ್ನು ಹಿಡಿದಿಡುವ ಕೊಂಡಿ ಎಷ್ಟು ಬಲಕ್ಕೆ ಬಿಡಬೇಕೆಂಬುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಸ್ಕೀ ಮಾಡುವ ರೀತಿ ನೋಡಿ ಕೋಷ್ಟಕದಿಂದ ತೆಗೆಯುತ್ತಾರೆ. ಗಿರಾಕಿ ತೂಕ ಕಡಿಮೆ ಹೇಳಿದರೆ ಕೊಂಡಿ ಓಡುವಾಗಲೇ ಬಿಟ್ಟುಕೊಳ್ಳುತ್ತದೆ. ಜಂಬಕ್ಕೆ ತಾನು ಪಳಗಿದವನೆಂದು ಹೇಳಿಕೊಂಡರೆ ಬಿದ್ದಾಗ ಬಿಡದೆ ಮೊಣಕಾಲಿನ ಅಸ್ಥಿರಜ್ಜು ಹರಿಯುತ್ತದೆ.

ಆದರೆ ನಿಮ್ಮ ಮಟ್ಟಿಗೆ ನನ್ನ ಸಲಹೆ ಈ ಎರಡೂ ಅಲ್ಲ. ನಾಲ್ಕು ವರ್ಷದ ಫ್ರಂಟ್ ಆಫೀಸ್ ಅನುಭವ ಇಟ್ಟುಕೊಂಡು, ವಸತಿ ಕೊಡುವ ಹೋಟೆಲು, ಲಾಡ್ಜುಗಳಿಗೆ ಮೊದಲು ಅರ್ಜಿ ಹಾಕಿ. ಹಿಮ ಬೀಳದೆ ಮಳೆ ಬಂದರೆ, ಗಾಳಿ ಜೋರಾದರೆ ಲಿಫ್ಟು ನಿಲ್ಲುತ್ತದೆ, ಲಿಫ್ಟಿನವರ ಗಂಟೆಗಳೂ ನಿಲ್ಲುತ್ತವೆ. ಮೂರು ತಿಂಗಳ ಹಿಂದೆಯೇ ರೂಮು ಕಾಯ್ದಿರಿಸಿದ ಅತಿಥಿ ಮಾತ್ರ ಬಂದೇ ಬರುತ್ತಾನೆ, ಅವನಿಗೆ ಚೆಕ್-ಇನ್ ಆಗಬೇಕು, ಹಾಸಿಗೆಯ ಬಟ್ಟೆ ಬದಲಾಗಬೇಕು. ಸಸ್ಯಾಹಾರಿ ಎಂದಿರಿ: ಅಡುಗೆಮನೆಯ ಸಹಾಯಕನ ಕೆಲಸವೆಂದರೆ ದನ, ಹಂದಿ ಮಾಂಸದ ಪಾತ್ರೆ ತೊಳೆಯುವುದು, ಕತ್ತರಿಸುವುದು. ಅದು ಒಗ್ಗದಿದ್ದರೆ ಸಂದರ್ಶನದಲ್ಲೇ ಹೇಳಿ ಹೌಸ್‌ಕೀಪಿಂಗ್ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಬಾರಿನಲ್ಲಿ ಅಥವಾ ಮದ್ಯ ಬಡಿಸುವ ರೆಸ್ಟೋರೆಂಟಿನಲ್ಲಿ ನಿಲ್ಲಬೇಕಾದರೆ ಆರ್‌ಎಸ್‌ಎ ಎಂಬ, ಜವಾಬ್ದಾರಿಯಿಂದ ಮದ್ಯ ಬಡಿಸುವ ತರಬೇತಿಯ ಸರ್ಟಿಫಿಕೇಟ್ ಬೇಕು. ರಾಜ್ಯದಿಂದ ರಾಜ್ಯಕ್ಕೆ ಅದರ ನಿಯಮ ಬೇರೆ, ಕೆಲಸ ಎಲ್ಲೆಂದು ಗೊತ್ತಾದ ಮೇಲೆ ಆ ರಾಜ್ಯದ್ದನ್ನೇ ಮಾಡಿ.

ವಸತಿ ಎಂದು ಒತ್ತಿ ಹೇಳಲು ಕಾರಣ ಈ ಲೆಕ್ಕ. 2025ರ ಜುಲೈ 1ರಿಂದ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್. ಕ್ಯಾಶುವಲ್, ಅಂದರೆ ಗಂಟೆಗಳ ಖಾತರಿಯಾಗಲೀ ಸಂಬಳದ ರಜೆಯಾಗಲೀ ಇಲ್ಲದ ಕೆಲಸಗಾರ, ಎಂದು ತೆಗೆದುಕೊಂಡರೆ ಅದರ ಮೇಲೆ ಶೇ. 25 ಹೆಚ್ಚು. ಈ ವೀಸಾದವರಿಗೆ ಮೊದಲ ಡಾಲರಿನಿಂದಲೇ ಶೇ. 15 ತೆರಿಗೆ, 45,000 ಡಾಲರಿನವರೆಗೆ. ವಾರಕ್ಕೆ 38 ಗಂಟೆ ಸಿಕ್ಕರೆ 948 ಡಾಲರ್, ತೆರಿಗೆ ಕಳೆದು ಸುಮಾರು 806. ಹಂಚಿಕೊಂಡ ರೂಮಿಗೆ 280, ಊಟಕ್ಕೆ 120, ಬಸ್ಸು, ಫೋನಿಗೆ 40 ಎಂದು ಇಟ್ಟುಕೊಳ್ಳಿ. ಉಳಿಯುವುದು 366. ಅದೇ ಹಿಮ ಕೈಕೊಟ್ಟು 22 ಗಂಟೆಗೆ ಇಳಿದರೆ ಕೈಗೆ ಬರುವುದು 467, ಖರ್ಚು ಅದೇ 440. ಉಳಿಯುವುದು ಇಪ್ಪತ್ತೇಳು ಡಾಲರ್, ಒಂದು ದಿನ ಹೊರಗೆ ತಿಂದರೆ ಮುಗಿಯಿತು. ಆದ್ದರಿಂದ ಆಫರ್ ಪತ್ರದಲ್ಲಿ ಗಂಟೆಯ ದರಕ್ಕಿಂತ ಮೊದಲು ಮೂರು ವಿಷಯ ಹುಡುಕಿ: ವಾರಕ್ಕೆ ಕನಿಷ್ಠ ಇಷ್ಟು ಗಂಟೆ ಎಂದು ಬರೆದಿದ್ದಾರೆಯೇ, ವಸತಿ ಕೊಡುತ್ತಾರೆಯೇ, ಅದಕ್ಕೆ ವಾರಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ. ಸೀಸನ್ ಪೂರ್ತಿ ಲಿಫ್ಟು ಹತ್ತಲು ಬಿಡುವ ಸೀಸನ್ ಪಾಸ್ ಉಚಿತ ಎಂಬ ಸಾಲು ಕಣ್ಣಿಗೆ ಮೊದಲು ಬೀಳುತ್ತದೆ, ಅದನ್ನು ಕೊನೆಗೆ ನೋಡಿ.

ಕಂಪನಿ ವಸತಿ ಸಿಗದಿದ್ದರೆ ಬೆಟ್ಟದ ಕೆಳಗಿನ ಊರಲ್ಲಿ ಹುಡುಕಬೇಕು. ಥ್ರೆಡ್‌ಬೋ, ಪೆರಿಷರ್ ಎರಡಕ್ಕೂ ಅದು ಜಿಂಡಬೈನ್. ಕ್ಯಾನ್‌ಬೆರಾದಿಂದ ಎರಡೂವರೆ ಗಂಟೆ, ಸಿಡ್ನಿಯಿಂದ ಆರು ಗಂಟೆಯ ದಾರಿ. ಸಣ್ಣ ಊರು, ಜೂನಿನಲ್ಲಿ ಹಾಸಿಗೆ ಸಿಗುವುದಿಲ್ಲ. ಮಾರ್ಚ್, ಏಪ್ರಿಲಿನಲ್ಲೇ ನೋಡಬೇಕು. ನಮ್ಮಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವವರಿದ್ದಾರೆ, ನ್ಯೂ ಸೌತ್ ವೇಲ್ಸ್‌ನ ಸಾಮಾನ್ಯ ಬಾಡಿಗೆ ಕರಾರಿನಲ್ಲಿ ಅಡ್ವಾನ್ಸ್ ನಾಲ್ಕು ವಾರದ ಬಾಡಿಗೆ ಮೀರುವಂತಿಲ್ಲ. ಮನೆ ತೋರಿಸದೆ ಫೋಟೋ ಕಳಿಸಿ ದುಡ್ಡು ಕೇಳುವ ವಂಚಕರು ಅಲ್ಲೂ ಇದ್ದಾರೆ, ವಿಡಿಯೋ ಕರೆಯಲ್ಲಿ ರೂಮು ನೋಡದೆ ಕಳಿಸಬೇಡಿ. ಕಾರು ಕೊಳ್ಳುವ ಯೋಚನೆ ಬೇಡವೆಂದೇ ಹೇಳುತ್ತೇನೆ. ಈ ಎರಡೂ ರೆಸಾರ್ಟುಗಳಿರುವ ಕೊಸಿಯಸ್ಕೊ ರಾಷ್ಟ್ರೀಯ ಉದ್ಯಾನದೊಳಗೆ ಚಳಿಗಾಲದಲ್ಲಿ ಟೂ ವೀಲ್ ಡ್ರೈವ್ ವಾಹನಕ್ಕೆ ಚಕ್ರದ ಸರಪಳಿ ಇಟ್ಟುಕೊಳ್ಳುವುದು ಕಡ್ಡಾಯ, ಪ್ರವೇಶ ಶುಲ್ಕ ಬೇರೆ. ಮಾಮೂಲಿ ಡೀಸೆಲ್ ಚಳಿಗೆ ಮೇಣಗಟ್ಟಿ ಪೈಪಿನಲ್ಲೇ ಕೂರುತ್ತದೆ, ಬೆಟ್ಟದ ಬುಡದಲ್ಲಿ ಆಲ್ಪೈನ್ ಡೀಸೆಲ್ ಎಂದು ಬೇರೆಯೇ ಸಿಗುತ್ತದೆ, ಅದನ್ನೇ ಹಾಕಿಸಬೇಕು. ಪೆರಿಷರಿನ ಕೆಲಸಕ್ಕೆ ಬುಲಕ್ಸ್ ಫ್ಲಾಟ್‌ನಿಂದ ಸ್ಕೀಟ್ಯೂಬ್ ಎಂಬ ರೈಲು ಸುರಂಗದೊಳಗೇ ಮೇಲಕ್ಕೆ ಹೋಗುತ್ತದೆ.

ಒಟ್ಟು ದುಡ್ಡು: ತೋರಿಸಬೇಕಾದ 5,000 ಡಾಲರ್ ಬರೀ ತೋರಿಕೆಗಲ್ಲ, ಖರ್ಚಾಗುತ್ತದೆ. ಮೊದಲ ಸಂಬಳ ಕೈಗೆ ಬರುವವರೆಗೆ ಐದಾರು ವಾರ ಅದರಲ್ಲೇ ನಡೆಯಬೇಕು. 60 ರೂಪಾಯಿ ಲೆಕ್ಕದಲ್ಲಿ ಅದು ಮೂರು ಲಕ್ಷ. ವೀಸಾ ಶುಲ್ಕ 40 ಸಾವಿರ. ಹೋಗಿಬರುವ ಟಿಕೆಟ್ಟಿಗೆ ಒಂದು ಲಕ್ಷ ಎತ್ತಿಡಿ, ಇನ್ಶೂರೆನ್ಸು, ಬಟ್ಟೆಗೆ ಇನ್ನೊಂದು ಐವತ್ತು ಸಾವಿರ. ಐದು ಲಕ್ಷ ಸ್ವಂತದ್ದು ಇದ್ದರೆ ಹೊರಡಿ. ಬಡ್ಡಿಗೆ ತಂದು ಹೋಗುವ ಕೆಲಸ ಇದಲ್ಲ, ಮೇಲಿನ ಇಪ್ಪತ್ತೇಳು ಡಾಲರಿನ ಲೆಕ್ಕ ಮತ್ತೊಮ್ಮೆ ನೋಡಿ. ಇನ್ಶೂರೆನ್ಸಿನಲ್ಲಿ ಸ್ಕೀ, ಸ್ನೋಬೋರ್ಡ್ ಸೇರಿದೆ ಎಂದು ಬರಹದಲ್ಲಿ ಇರಬೇಕು. ಮಾಮೂಲಿ ಟ್ರಾವೆಲ್ ಪಾಲಿಸಿಗಳಲ್ಲಿ ಅದನ್ನು ಬಿಟ್ಟಿರುತ್ತಾರೆ. ಕೆಲಸದ ಹೊತ್ತಲ್ಲಿ ಪೆಟ್ಟಾದರೆ ಮಾಲೀಕನ ವಿಮೆ ನೋಡಿಕೊಳ್ಳುತ್ತದೆ, ರಜಾದಿನ ಸ್ಕೀ ಕಲಿಯಲು ಹೋಗಿ ಮುರಿದುಕೊಂಡರೆ ನಿಮ್ಮದೇ ಖರ್ಚು. ಅಲ್ಲಿನ ಸರ್ಕಾರಿ ಆರೋಗ್ಯ ಯೋಜನೆ ಮೆಡಿಕೇರ್ ನಮಗೆ ಇಲ್ಲ, ಆಂಬುಲೆನ್ಸಿಗೂ ಬಿಲ್ಲು ಬರುತ್ತದೆ.

ಬಟ್ಟೆಯಲ್ಲಿ ಒಂದೇ ನಿಯಮ, ಮೈಗೆ ತಾಗುವ ಪದರ ಹತ್ತಿಯದಾಗಬಾರದು. ಹತ್ತಿ ಬೆವರು ಹೀರಿ ಹಿಡಿದಿಡುತ್ತದೆ, ಕೆಲಸ ನಿಲ್ಲಿಸಿದ ಕೂಡಲೇ ಅದೇ ತಣ್ಣಗಾಗಿ ಮೈ ನಡುಗಿಸುತ್ತದೆ. ಒಳಗೆ ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್, ಮೇಲೆ ಫ್ಲೀಸ್, ಅದರ ಮೇಲೆ ನೀರು, ಗಾಳಿ ತಡೆಯುವ ಜಾಕೆಟ್. ಒಳಪದರ ಎರಡು ಜೊತೆ ಇಲ್ಲೇ ಕೊಳ್ಳಿ. ಹೊರಗಿನ ಕೆಲಸಕ್ಕೆ ಜಾಕೆಟ್ಟು, ಪ್ಯಾಂಟು ಸಾಮಾನ್ಯವಾಗಿ ಕಂಪನಿಯೇ ಕೊಡುತ್ತದೆ, ಕೇಳಿ ತಿಳಿದುಕೊಳ್ಳದೆ ದುಬಾರಿಯದು ಕೊಳ್ಳಬೇಡಿ. ಸ್ಕೀ ಬೂಟಿನೊಳಗೆ ಕಾಲುಚೀಲ ಒಂದೇ ಜೊತೆ. ಎರಡು ಹಾಕಿದರೆ ಬಿಗಿಯಾಗಿ ರಕ್ತ ಓಡದೆ ಇನ್ನೂ ತಣ್ಣಗಾಗುತ್ತದೆ. ಮರಗಟ್ಟಿದ ಬೆರಳನ್ನು ಹೀಟರಿಗೆ ಹಿಡಿಯಬೇಡಿ, ಕೆಂಪಗೆ ಊದಿ ತುರಿಸುವ ಚಿಲ್‌ಬ್ಲೇನ್ ಬರುವುದು ಹಾಗೆಯೇ. ಕಂಕುಳಲ್ಲಿಟ್ಟು ನಿಧಾನಕ್ಕೆ ಬೆಚ್ಚಗೆ ಮಾಡಿ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣವನ್ನು ಶೇ. 80ರವರೆಗೂ ಹಿಂದಕ್ಕೆ ಎಸೆಯುತ್ತದೆ. ಹಾಗಾಗಿ ಸನ್‌ಸ್ಕ್ರೀನನ್ನು ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯ ಅಡಿಗೂ ಹಚ್ಚಬೇಕು.

ಮೈಯನ್ನು ಎರಡು ತಿಂಗಳ ಮೊದಲಿಂದ ಹದಗೊಳಿಸಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ನಿಮಗೆ ಹೆಚ್ಚು ಉಪಯೋಗ. ಬಸ್ಸಿನಲ್ಲಿ ಮೇಲೆ ಹೋಗಿ, ವಾರಕ್ಕೆ ಎರಡು ಸಲ ನಿಧಾನವಾಗಿ ಇಳಿಯಿರಿ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ, ಸ್ಕೀಯಲ್ಲೂ ಅದೇ ಕೆಲಸ. ಮೊದಲ ವಾರ ತೊಡೆ ಹಿಡಿದುಕೊಂಡು ಟಾಯ್ಲೆಟ್ಟಿಗೆ ಕೂರುವುದೇ ಕಷ್ಟವಾಗುತ್ತದೆ, ಮೂರನೇ ವಾರಕ್ಕೆ ಸರಿಹೋಗುತ್ತದೆ. ಮಂಡ್ಯದಲ್ಲಿದ್ದಾಗ ಕರಿಘಟ್ಟವೋ ಮೇಲುಕೋಟೆಯೋ ಸಾಕು. ಕಲಿಯುವಾಗ ಸ್ನೋಬೋರ್ಡ್ ಆರಿಸಿದರೆ ಮಣಿಕಟ್ಟಿಗೆ ಗಾರ್ಡ್ ಹಾಕಿಕೊಳ್ಳಿ, ಹೊಸಬರು ಕೈ ಊರಿಯೇ ಬೀಳುವುದು.

ಊಟಕ್ಕೆ ಹೆದರಬೇಕಿಲ್ಲ. ಬೇಳೆ, ಅಕ್ಕಿ, ಮಸಾಲೆಯನ್ನು ಸಿಡ್ನಿ ಅಥವಾ ಕ್ಯಾನ್‌ಬೆರಾದ ಇಂಡಿಯನ್ ಅಂಗಡಿಯಲ್ಲಿ ಕೊಂಡೇ ಬೆಟ್ಟ ಹತ್ತಿ. ಇಲ್ಲಿಂದ ಅಮ್ಮ ಕಟ್ಟಿಕೊಟ್ಟ ಕರಿಬೇವು ಮಾತ್ರ ಬೇಡ. ಸಾರಿನ ಪುಡಿ, ರಾಗಿ ಹಿಟ್ಟು ಏನೇ ಒಯ್ದರೂ ಲೇಬಲ್ ಇರುವ ಪ್ಯಾಕೆಟ್ಟಿನದೇ ಇರಲಿ, ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಆಹಾರ ಇದೆ ಎಂದು ಗುರುತು ಹಾಕಿ. ಹೇಳಿದರೆ ಹೆಚ್ಚೆಂದರೆ ತೆಗೆದು ಬಿಸಾಡುತ್ತಾರೆ, ಮುಚ್ಚಿಟ್ಟರೆ ದಂಡ, ವೀಸಾ ರದ್ದಾಗುವ ಸಾಧ್ಯತೆಯೂ ಇದೆ. ಒಂದು ಸಣ್ಣ ಕುಕ್ಕರ್ ಜೊತೆಗಿರಲಿ. ಥ್ರೆಡ್‌ಬೋ ಊರು ಇರುವುದು 1,365 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ, ತೊಗರಿಬೇಳೆ ತೆರೆದ ಪಾತ್ರೆಯಲ್ಲಿ ಬೇಯುವಷ್ಟರಲ್ಲಿ ಹಿಂದೆ ಸ್ಟವ್‌ಗೆ ಕಾದಿರುವವರು ನಾಲ್ಕು ಜನ ಇರುತ್ತಾರೆ.

ಸೀಸನ್ ಮುಗಿದ ಮೇಲೆ ಇನ್ನೊಂದು ವರ್ಷ ಇರುವ ಆಸೆ ಬಂದರೆ, ಗೊತ್ತುಪಡಿಸಿದ ಪ್ರದೇಶದಲ್ಲಿ ಗೊತ್ತುಪಡಿಸಿದ ಕೆಲಸ ಮೂರು ತಿಂಗಳು ಮಾಡಿದರೆ ಎರಡನೇ ವೀಸಾಕ್ಕೆ ಅರ್ಜಿ ಹಾಕಬಹುದು. ಬೇಸಾಯದ ಕೆಲಸ ಆ ಪಟ್ಟಿಯಲ್ಲಿದೆ. ರೆಸಾರ್ಟಿನ ದಿನಗಳೂ ಲೆಕ್ಕಕ್ಕೆ ಬರುತ್ತವೆಂದು ನಂಬಿ ಕೂರಬೇಡಿ, ಪಿನ್‌ಕೋಡ್ ಪಟ್ಟಿ ನೋಡಿ. ಲಾಟರಿ ಹತ್ತದೇ ಹೋದರೆ ಆ ಚಳಿಗಾಲವನ್ನು ಗುಲ್ಮಾರ್ಗ್ ಅಥವಾ ಔಲಿಯ ಹೋಟೆಲಿನಲ್ಲಿ ಕಳೆಯಿರಿ. ಹಿಮದ ಊರಿನ ಅನುಭವ ರೆಸ್ಯೂಮೆಯಲ್ಲಿ ಸೇರುತ್ತದೆ, ಚಳಿ ನಿಮಗೆ ಒಗ್ಗುತ್ತದೋ ಇಲ್ಲವೋ ಅದೂ ಗೊತ್ತಾಗುತ್ತದೆ. ಮರುವರ್ಷ ಮತ್ತೆ ಹೆಸರು ಹಾಕಬಹುದು, 31 ತುಂಬಲು ನಿಮಗೆ ಇನ್ನೂ ಸಮಯವಿದೆ.

ಕೊನೆಗೆ ಕಾಗದಪತ್ರ. ಟ್ಯಾಕ್ಸ್ ಫೈಲ್ ನಂಬರು ಉಚಿತ, ಇಳಿದ ಮೇಲೆ ತೆರಿಗೆ ಇಲಾಖೆಯ ಜಾಲತಾಣದಲ್ಲೇ ಕೇಳಿ. ಅದು ಕೊಡದಿದ್ದರೆ ಸಂಬಳದಲ್ಲಿ ಶೇ. 45ರವರೆಗೆ ಮುರಿದುಕೊಳ್ಳುತ್ತಾರೆ. ಅಲ್ಲಿನ ತೆರಿಗೆ ವರ್ಷ ಜೂನ್ 30ಕ್ಕೆ ಮುಗಿಯುವುದರಿಂದ ನಿಮ್ಮ ಒಂದೇ ಸೀಸನ್ ಎರಡು ವರ್ಷಕ್ಕೆ ಹಂಚಿಹೋಗುತ್ತದೆ, ರಿಟರ್ನ್ಸ್ ಎರಡು ಸಲ ಹಾಕಬೇಕು. ಸಂಬಳದ ಮೇಲೆ ಶೇ. 12ರಷ್ಟನ್ನು ಮಾಲೀಕ ಸೂಪರ್ ಎಂಬ ನಿವೃತ್ತಿ ಖಾತೆಗೆ ಹಾಕಬೇಕು, ನಮ್ಮ ಪಿಎಫ್ ಇದ್ದಂತೆ. ದೇಶ ಬಿಟ್ಟು ವೀಸಾ ಮುಗಿದ ಮೇಲೆ ಅದನ್ನು ಕೇಳಿ ಪಡೆಯಬಹುದು. ಈ ವೀಸಾದವರಿಗೆ ಅದರಲ್ಲಿ ಶೇ. 65 ತೆರಿಗೆ ಹೋಗುತ್ತದೆ, ಉಳಿದದ್ದಾದರೂ ನಿಮ್ಮದೇ. ಅದು ಬಂದು ಬೀಳುವವರೆಗೆ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ. ಅಲ್ಲಿನ ಸಿಮ್ ನಿಂತುಹೋದರೆ ಓಟಿಪಿ ಬರುವುದಿಲ್ಲ, ಹೊರಡುವ ಮುಂಚೆ ಖಾತೆಯಲ್ಲಿ ಇಲ್ಲಿನ ನಂಬರು, ಇಮೇಲ್ ಸೇರಿಸಿ ಬನ್ನಿ.